ಕ್ರಿಂಪಣ್ಣನ ಕಾರುಬಾರು

ಬ್ರೇಸ್‌ಲೆಟ್ ಕೈಗಿಟ್ಟರೆ ಎಲ್ಲರೂ ಹೊಗಳುವುದು ಬಣ್ಣದ ಮಣಿಗಳನ್ನೇ. ಅವೆಲ್ಲ ನೆಲಕ್ಕುರುಳದಂತೆ ಹಿಡಿದಿಟ್ಟಿರುವುದು ಮಾತ್ರ 2 ಮಿಲಿಮೀಟರಿನ ಕ್ರಿಂಪ್ ಎಂಬ ಪುಟಾಣಿ ಲೋಹದ ಮಣಿ. ಪಾಪ, ಅದರ ಸುದ್ದಿ ಯಾರೂ ಎತ್ತುವುದಿಲ್ಲ.

ಕೆಲಸ ಕೇಳಲು ಸಲೀಸು. ತಂತಿಯನ್ನು ಕ್ರಿಂಪಿನೊಳಗೆ ತೂರಿಸಿ, ಕೊಕ್ಕೆಯ ಉಂಗುರ ಬಳಸಿ, ಮತ್ತೆ ಅದೇ ಕ್ರಿಂಪಿನೊಳಗೆ ವಾಪಸ್ ತರಬೇಕು. ಇನ್ನು ಇಕ್ಕಳದ ಸರದಿ. ಕ್ರಿಂಪಿನ ಇಕ್ಕಳಕ್ಕೆ ಎರಡು ಹಳ್ಳ. ಹಿಡಿಯ ಕಡೆಯದರಲ್ಲಿ ಒತ್ತಿದರೆ ಮಣಿಯ ನಡು ತಗ್ಗಿ, ಎರಡೂ ಎಳೆಗೆ ಬೇರೆ ಬೇರೆ ಕೋಣೆ, ಜಗಳಗಂಟಿ ಓರಗಿತ್ತಿಯರಿಗೆ ಕೊಟ್ಟ ಹಾಗೆ. ಆಮೇಲೆ ಕಾಲು ಸುತ್ತು ತಿರುಗಿಸಿ ತುದಿಯ ಹಳ್ಳದಲ್ಲಿ ಒತ್ತಿದರೆ ಮಡಚಿ ಗುಂಡಗಾಗುತ್ತದೆ. ಈ ಎರಡು ಒತ್ತಿನ ನಡುವೆ ಮನೆಯಲ್ಲಿ ಯಾರೂ ಸೀನಕೂಡದು!

“ಇಕ್ಕಳ ಯಾವುದಾದರೇನೇ, ನನ್ನ ಸ್ಕೂಟರಿಂದು ಇದೆಯಲ್ಲ” ಎನ್ನುವ ಗಂಡಂದಿರಿದ್ದಾರೆ. ಅದರಲ್ಲಿ ಅದುಮಿದರೆ ಕ್ರಿಂಪ್ ಚಪ್ಪಟೆ, ಅಂಚು ಚೂಪು, ರೇಷ್ಮೆ ಸೀರೆಯ ಎಳೆ ಹೊರಗೆ. ಆಗ ಸಲಹೆಗಾರರು ಪೇಪರಿನ ಹಿಂದೆ ಮಾಯ.

ಎಲಾಸ್ಟಿಕ್ ದಾರಕ್ಕಂತೂ ಕ್ರಿಂಪಿನ ಸಹವಾಸವೇ ಬೇಡ. ಲೋಹ ದಾರವನ್ನು ಕೊಯ್ದರೆ, ಮದುವೆ ಊಟದ ಪಂಕ್ತಿಯಲ್ಲಿ ಮಣಿಗಳು ಹೋಳಿಗೆಯ ಪಕ್ಕ ಬಂದು ಕೂರುತ್ತವೆ. ಅದಕ್ಕೆ ಗಂಟೇ ಸರಿ, ಮೇಲೊಂದು ಹನಿ ಅಂಟು.