ಕೂಸು ಏಳು ಕಿಲೊ, ಗಂಟು ಎಪ್ಪತ್ತು

ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ಬೆಳ್ಳಟ್ಟಿಯದಕ್ಕಿಂತ 13 ತಾಸು 30 ನಿಮಿಷ ಹಿಂದೆ ಇರುತ್ತದೆ. ಅಲ್ಲಿ ರಾತ್ರಿ 8ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಏಳುವ ಶಿಸ್ತಿನ ಕೂಸು ಅದೇ ಶಿಸ್ತನ್ನು ಶಿರಹಟ್ಟಿ ತಾಲ್ಲೂಕಿಗೂ ತಂದರೆ ಮುಂಜಾನೆ 9.30ಕ್ಕೆ ಮಲಗಿ ರಾತ್ರಿ 8.30ಕ್ಕೆ ಏಳುತ್ತದೆ. ಊರು ರೊಟ್ಟಿ ಉಂಡು, ದನಕ್ಕೆ ಕಣಿಕಿ ಹಾಕಿ, ಕದ ಮುಂದೆ ಮಾಡಿಕೊಳ್ಳುವ ಹೊತ್ತಿಗೆ ಇದರ ದಿನ ಶುರು. ಕೂಸಿಗೆ ಪಾಸ್‌ಪೋರ್ಟ್ ಮಾಡಿಸಬಹುದು, ವೀಸಾ ತೆಗೆಸಬಹುದು; ಅದರ ನಿದ್ದೆಗೆ ಮಾತ್ರ ಯಾವ ಕಚೇರಿಯೂ ಮುದ್ರೆ ಒತ್ತಿಕೊಡುವುದಿಲ್ಲ.

ಬೆಳ್ಳಟ್ಟಿಯ ಒಂದು ಮನೆಗೆ ಉದ್ದನೆಯ ರಜೆ ಹಾಕಿ ಬಂದ ಮಗಳು-ಅಳಿಯ ಈ ಲೆಕ್ಕವನ್ನು ಮೊದಲೇ ಮಾಡಿಕೊಂಡಿದ್ದರು. ಒಂದು ತಿಂಗಳು ಊರು, ಆಮೇಲೆ ಧಾರವಾಡ, ಸವದತ್ತಿ, ಹಂಪಿ, ಗೋವಾ, ಬೆಂಗಳೂರು ಎಂದು ಬಳಗವನ್ನೂ ದೇವರನ್ನೂ ಒಂದೇ ಸುತ್ತಿನಲ್ಲಿ ಮುಗಿಸುವ ಯೋಜನೆ. ಕೂಸಿನ ನಿದ್ದೆಗೆ ಮೊಬೈಲಿನಲ್ಲೊಂದು ವೇಳಾಪಟ್ಟಿಯೂ ಇತ್ತು. ಅದರಲ್ಲಿ ಎಲ್ಲವೂ ಇತ್ತು, ಕೂಸಿನ ಒಪ್ಪಿಗೆ ಒಂದು ಬಿಟ್ಟು.

ತಪ್ಪು ಕೂಸಿನದಲ್ಲ. ಮನುಷ್ಯನ ಒಳಗಡಿಯಾರ ದಿನಕ್ಕೆ ಹೆಚ್ಚುಕಡಿಮೆ ಒಂದು ತಾಸಿನಷ್ಟೇ ಸರಿಯುತ್ತದೆ. ಅದೂ ದೊಡ್ಡವರ ಮಾತು. ಹೊಸದಾಗಿ ಹುಟ್ಟಿದ ಕೂಸು ದಿನಕ್ಕೆ 14ರಿಂದ 17 ತಾಸು ಮಲಗುತ್ತದೆ, ಆದರೆ ಹಗಲು-ರಾತ್ರಿಯ ಹಂಗಿಲ್ಲದೆ, ತುಂಡು ತುಂಡಾಗಿ. ಮೂರು ತಿಂಗಳ ಆಸುಪಾಸಿಗೆ ಒಂದು ಲಯ ಕೂಡಿಬರತೊಡಗುತ್ತದೆ. ಹಾಗೆ ಕೂಡಿಬಂದ ಲಯವನ್ನು ಆರನೆಯ ತಿಂಗಳಿಗೆ ವಿಮಾನ ಹತ್ತಿಸಿದರೆ ಅದು ಸಮುದ್ರದ ಮೇಲೆಲ್ಲೋ ಉದುರಿ ಹೋಗುತ್ತದೆ. ಬೆಳಗಿನ ಬಿಸಿಲು ತೋರಿಸಿ, ರಾತ್ರಿ ದೀಪ ಸಣ್ಣಗೆ ಮಾಡಿ, ಒಂದೆರಡು ವಾರ ತಾಳಿ ಎನ್ನುತ್ತಾರೆ ವೈದ್ಯರು.

ಅಷ್ಟು ದಿನ ತಾಳುವ ಪೈಕಿಯವರಲ್ಲ ಓಣಿಯ ಮಂದಿ. ‘ಕೂಸಿಗೆ ನೆದರ ಆಗೇತ್ರೀ’ ಎಂದು ಎರಡನೆಯ ರಾತ್ರಿಗೇ ತೀರ್ಪು ಬಂತು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ಯಾರೂ ಕೆಮ್ಮಲಿಲ್ಲ. ಅಂದ ಮೇಲೆ ನೆದರ ಭಾರಿಯೇ ಇರಬೇಕು ಎಂದು ಎಲ್ಲರೂ ತಲೆಯಾಡಿಸಿದರು. ಒಲೆಗೆ ಬಿದ್ದದ್ದು ಬ್ಯಾಡಗಿ ಮೆಣಸಿನಕಾಯಿ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದನ್ನು ಅಳಿಯ ಮೆಲ್ಲಗೆ ಹೇಳಿನೋಡಿದ. ಅಂಥ ಮಾತಿಗೆಲ್ಲ ಕಿವಿಗೊಡುವ ಹೊತ್ತು ಅದಾಗಿರಲಿಲ್ಲ.

ನಡುರಾತ್ರಿಯ ಸಮಸ್ಯೆ ನಿಜಕ್ಕೂ ಬಗೆಹರಿದದ್ದು ಅಜ್ಜಿಯಿಂದ. ವಯಸ್ಸಾದವರಿಗೆ ನಿದ್ದೆ ಬೇಗ ಹರಿಯುತ್ತದೆ. ಮೂರು ಗಂಟೆಗೆ ಎದ್ದು ಕೂತ ಅಜ್ಜಿಗೆ ಮಾತಿಗೊಬ್ಬರು ಬೇಕು. ಮೂರು ಗಂಟೆಗೆ ಆಟಕ್ಕೆ ನಿಂತ ಕೂಸಿಗೂ ಒಬ್ಬರು ಬೇಕು. ಇಬ್ಬರೂ ಹಲ್ಲಿಲ್ಲದೆ ನಗುತ್ತಾ ಬೆಳಕು ಹರಿಸಿದರು. ತಂದೆ-ತಾಯಿ ಆಚೆ ಕೋಣೆಯಲ್ಲಿ, ವೇಳಾಪಟ್ಟಿಯ ಪ್ರಕಾರ ಕೂಸು ಮಾಡಬೇಕಿದ್ದ ನಿದ್ದೆಯನ್ನು ತಾವೇ ಮಾಡಿ ಮುಗಿಸಿದರು.

ಇನ್ನು ಸಾಮಾನಿನ ಸಂಗತಿ. ಅಮೆರಿಕದಿಂದ ಬರುವ ಅನೇಕ ವಿಮಾನಗಳಲ್ಲಿ ಒಬ್ಬರಿಗೆ 23 ಕಿಲೊದ ಎರಡು ಪೆಟ್ಟಿಗೆ ಒಯ್ಯಲು ಬಿಡುತ್ತಾರೆ. ಗಂಡ-ಹೆಂಡತಿಗೆ ಕೂಡಿ 92 ಕಿಲೊ. ಅದರಲ್ಲಿ ಏಳು ಕಿಲೊ ಕೂಸಿನ ಪಾಲು 70. ಉಳಿದ 22ರಲ್ಲಿ ಇಬ್ಬರ ಬಟ್ಟೆ ಮತ್ತು ಇಡೀ ಬಳಗಕ್ಕೆ ಚಾಕಲೇಟು. ಮಡಿಸುವ ತೊಟ್ಟಿಲು, ಕಿಟಕಿಗೆ ಅಂಟಿಸುವ ಕಪ್ಪು ಪರದೆ, ಮಳೆ ಸುರಿವ ಸದ್ದು ಮಾಡುವ ಡಬ್ಬಿ, ಬಾಟಲಿ ಶುದ್ಧ ಮಾಡುವ ಯಂತ್ರ, ಕೂಸನ್ನು ಆಚೆ ಕೋಣೆಯಿಂದ ನೋಡುವ ಕ್ಯಾಮೆರಾ-ಮಾನಿಟರ್, ಡೈಪರಿನ ಗುಡ್ಡ. ಮಳೆಯ ಸದ್ದಿನ ಡಬ್ಬಿಯನ್ನು ಕಂಡು ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಮಳೆಗಾಗಿ ಕಪ್ಪತಗುಡ್ಡದ ಕಡೆ ಮುಖ ಮಾಡಿ ವರ್ಷಗಟ್ಟಲೆ ಕಾದ ಮನುಷ್ಯ, ಒಂದು ಗುಂಡಿ ಒತ್ತಿದರೆ ಬರೀ ಸದ್ದು ಬರುತ್ತದೆಂದರೆ ಏನು ಹೇಳಿಯಾನು?

ಅಮೆರಿಕದ ಮನೆಗಳಲ್ಲಿ ವಿದ್ಯುತ್ತು 120 ವೋಲ್ಟ್, ನಮ್ಮಲ್ಲಿ 230. ಅಂಗಡಿಯಲ್ಲಿ ಕೊಂಡ ಸಣ್ಣ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಬಾಟಲಿ ಯಂತ್ರ ಬೆಳ್ಳಟ್ಟಿಯ ಕರೆಂಟು ಕುಡಿದ ಗಳಿಗೆಯಲ್ಲೇ ಒಮ್ಮೆ ಟಪ್ ಎಂದು, ತುಸು ಹೊಗೆ ಬಿಟ್ಟು, ಕಣ್ಣು ಮುಚ್ಚಿತು. ಅಜ್ಜಿ ಒಂದು ಬೋಗುಣಿಯಲ್ಲಿ ನೀರು ಕುದಿಸಿ ಬಾಟಲಿಗಳನ್ನು ಅದರಲ್ಲಿ ಮುಳುಗಿಸಿಟ್ಟಳು. ಕೆಲಸ ಅದೇ, ಬೆಲೆ ಮಾತ್ರ ಬೇರೆ. ಮಾನಿಟರಿನ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿದ್ದರಿಂದ ಅದು ಬದುಕಿಕೊಂಡಿತು.

ಗಂಟಿನಲ್ಲಿದ್ದ ಸ್ಟ್ರಾಲರ್ ಮರ್ಯಾದೆ ಬಸ್ಸಿನಲ್ಲಿ ಹೋಯಿತು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಕೂಸನ್ನು ಕರೆದೊಯ್ದು ಬರಬೇಕೆಂದು ಅಜ್ಜಿಯ ಹರಕೆ. ವಾಯವ್ಯ ಸಾರಿಗೆಯ ಬಸ್ಸು ಹತ್ತಿದಾಗ ಅಜ್ಜಿಗೆ 2023ರ ಜೂನ್ 11ರಿಂದ ನಡೆದ, ಹೆಂಗಸರಿಗೆ ಟಿಕೆಟ್ ಇಲ್ಲದ ಶಕ್ತಿ ಯೋಜನೆ ಇತ್ತು. ಮಗಳ ಆಧಾರ್ ಕಾರ್ಡಿನಲ್ಲಿ ಇನ್ನೂ ಬೆಳ್ಳಟ್ಟಿಯ ವಿಳಾಸವೇ ಇದ್ದುದರಿಂದ ಅವಳಿಗೂ ಇತ್ತು. ಕೂಸಿಗೆ ವಯಸ್ಸೇ ಟಿಕೆಟ್. ಕಂಡಕ್ಟರ್ ಅಳಿಯನ ಮುಂದೆ ಬಂದು ನಿಂತ.

‘ನಿಮ್ಮದೊಂದು ಟಿಕೆಟ್ ರೀ. ಈ ಗಾಡಿ ಎಲ್ಲಿ ಇಡ್ತೀರಿ?’

‘ಇದು ಕೂಸಿಂದ್ರಿ.’

‘ಕೂಸು ಅವರ ಅಜ್ಜಿ ತೊಡಿ ಮ್ಯಾಲ ಐತಲ್ರಿ. ಗಾಡ್ಯಾಗ ಯಾರದಾರ?’

ಗಾಡಿಯಲ್ಲಿ ಅಳಿಯನ ಲ್ಯಾಪ್‌ಟಾಪ್ ಚೀಲ, ಎರಡು ಕಾಯಿ ಮತ್ತು ಒಂದು ಹಾರ ಇದ್ದವು.

ಕೂಸನ್ನು ಮಲಗಿಸುವ ವಿದ್ಯೆಯ ಬಗ್ಗೆ ಜಪಾನಿನ ರೈಕೆನ್ ಸಂಸ್ಥೆಯ ಕುಮಿ ಕುರೊಡಾ ಮತ್ತು ಸಂಗಡಿಗರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಳುವ ಕೂಸನ್ನು ಎತ್ತಿಕೊಂಡು, ನಿಲ್ಲದೆ, ಐದು ನಿಮಿಷ ನಡೆಯಬೇಕು. ನಿದ್ದೆ ಹತ್ತಿದ ಮೇಲೆ ಕೂಡಲೇ ಇಳಿಸಬಾರದು; ಐದರಿಂದ ಎಂಟು ನಿಮಿಷ ಹಾಗೇ ಕೂತಿದ್ದು ಆಮೇಲೆ ಮಲಗಿಸಬೇಕು. ಕೂಸು ಎಚ್ಚರಾಗುವುದು ಬೆನ್ನು ಹಾಸಿಗೆಗೆ ತಾಗಿದಾಗ ಎಂದು ನಾವು ತಿಳಿದಿದ್ದೇವೆ. ಅದರ ಎದೆಬಡಿತ ಏರುವುದು ಅದಕ್ಕೂ ಮೊದಲು, ತಾಯಿಯ ಮೈಯಿಂದ ಬಿಡಿಸಿಕೊಳ್ಳುವ ಗಳಿಗೆಯಲ್ಲಿ. ಅಳಿಯ ಇದನ್ನು ಓದಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: ‘ಇದಕ್ಕ ಅವರಿಗೆ ಪಗಾರ ಕೊಡ್ತಾರೇನು?’

ಅಜ್ಜಿಯ ಉಪಕರಣ ಜಂತಿಯಲ್ಲೇ ಇತ್ತು. ತೊಳೆದು ತೊಳೆದು ಮೆತ್ತಗಾದ ಹಳೆಯ ನೂಲಿನ ಸೀರೆ. ಎರಡು ಮಡಿಕೆ ಮಾಡಿ, ಎರಡೂ ತುದಿ ಕೂಡಿಸಿ ಹಗ್ಗಕ್ಕೆ ಬಿಗಿದ ಗಂಟು. ಬಟ್ಟೆ ಮುಚ್ಚಿಕೊಳ್ಳದಂತೆ ತಲೆಯ ಕಡೆ ಅಡ್ಡ ಒಂದು ಕೋಲು. ಗಂಟು ಹಾಕಿದ ಮೇಲೆ ಅಜ್ಜಿ ಜೋಳಿಗೆಯೊಳಗೆ ಮೊದಲು ಕೂಸನ್ನಲ್ಲ, ಐದು ಸೇರು ಜೋಳ ಹಾಕಿ ಜಗ್ಗಿ ನೋಡಿದಳು. ಆಮೇಲೆ ಕೂಸು. ತೂಗಲು ದಾರ ಒಂದು, ಅದನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಶೇಂಗಾ ಸುಲಿಯುತ್ತಾ ಕೂತಳು. ಇಲ್ಲಿ ವೈದ್ಯರ ಮಾತೂ ನಿಜ: ರಾತ್ರಿಯಿಡೀ ಮಲಗಲು ಕೂಸಿಗೆ ಬೇಕಾದದ್ದು ಸಪಾಟಾದ, ಗಟ್ಟಿ ಹಾಸಿಗೆ, ಅಂಗಾತ ಮಲಗಿಸಬೇಕು, ಸುತ್ತ ದಿಂಬು-ಕೌದಿ ಇರಬಾರದು. ಜೋಳಿಗೆಯಲ್ಲಾಗಲಿ ಕಾರ್ ಸೀಟಿನಲ್ಲಾಗಲಿ ಗದ್ದ ಎದೆಗೆ ಕುಸಿದರೆ ಉಸಿರಿಗೆ ತೊಂದರೆ. ಆದ್ದರಿಂದ ಹಗಲಿಗೆ ಅಜ್ಜಿಯ ಕಣ್ಣೆದುರಿನ ಜೋಳಿಗೆ, ರಾತ್ರಿಗೆ ಅಮೆರಿಕದ ತೊಟ್ಟಿಲು ಎಂದು ರಾಜಿಯಾಯಿತು. ಎಪ್ಪತ್ತು ಕಿಲೊದಲ್ಲಿ ಅದೊಂದಕ್ಕೆ ಕೆಲಸ ಸಿಕ್ಕಿತು.

ಕೂಸು ಕಟ್ಟಿಕೊಂಡು ತಿಂಗಳುಗಟ್ಟಲೆ ಊರೂರು ತಿರುಗುವ ನಿಜವಾದ ಪರಿಣತರು ಹೊಲದಲ್ಲೇ ಇದ್ದರು. ಸುಗ್ಗಿಯಾದ ಹೊಲಗಳಿಗೆ ಗೊಬ್ಬರ ಬೀಳಲೆಂದು ರೈತರು ಕುರಿ ತರುಬಿಸುವ ಕಾಲ ಅದು. ಕುರಿಗಾಹಿಗಳ ಸಂಸಾರವೆಲ್ಲ ಒಂದೆರಡು ಕುದುರೆಗಳ ಬೆನ್ನ ಮೇಲೆ: ಕುರಿದಡ್ಡಿಗೆ ಸುತ್ತ ಕಟ್ಟುವ ಬಲೆ, ಗೂಟ, ಹಂಚು, ಬೋಗುಣಿ, ಹಿಟ್ಟಿನ ಚೀಲ. ಪಕ್ಕದ ಚೀಲದಿಂದ ತಲೆ ಹೊರಗೆ ಹಾಕಿದ ಎಳೆಮರಿಗಳು, ಬುಟ್ಟಿಯಲ್ಲಿ ಕೋಳಿ, ಎಲ್ಲದರ ಮೇಲೆ ಕೌದಿಯ ಮೆತ್ತೆಯಲ್ಲಿ ಕುಂಚಿಗಿ ಹೊದ್ದ ಕೂಸು. ಕುದುರೆ ನಡೆದಷ್ಟು ಹೊತ್ತು ನಿದ್ದೆ, ನಿಂತಾಗ ಎಚ್ಚರ. ಜಪಾನಿನವರ ಐದು ನಿಮಿಷದ ಲೆಕ್ಕ ಇಲ್ಲಿ ದಿನವಿಡೀ ನಡೆದಿರುತ್ತದೆ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕರಿ ಕಂಬಳಿ ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಳೆ ಬಂದರೆ ಕೊಪ್ಪೆ. ಅಳಿಯನ ಪೆಟ್ಟಿಗೆಯಲ್ಲಿ ಈ ಮೂರು ಕೆಲಸಕ್ಕೆ ಮೂರು ಚೀಲಗಳಿದ್ದವು, ಮೂರಕ್ಕೂ ಬೇರೆ ಬೇರೆ ಜಿಪ್ಪು.

ಇದನ್ನು ಕಂಡು ಕಡಿಮೆ ಸಾಮಾನಿನ ಸುಖದ ಬಗ್ಗೆ ಭಾಷಣ ಮಾಡಬೇಕೆನಿಸಿದರೆ, ಅದೇ ರಸ್ತೆಯಲ್ಲಿ ಗುಳೆ ಹೊರಟವರನ್ನೂ ನೋಡಬೇಕು. ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಿಂದ, ಊರುಗಳಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರ ಕಂಕುಳಲ್ಲೂ ಕೂಸಿರುತ್ತದೆ. ಒಂದು ಚೀಲ ಜೋಳದ ಹಿಟ್ಟು, ಒಂದು ಕೌದಿ, ಒಂದು ಹಂಚು. ಅವರ ಗಂಟು ಹಗುರಾಗಿರುವುದು ತತ್ವಕ್ಕಲ್ಲ, ತುಂಬಲು ಬೇರೆ ಇಲ್ಲದ್ದಕ್ಕೆ. ಗೋವಾ ಗಡಿ ದಾಟುವ ಬಸ್ಸಿಗೆ ಶಕ್ತಿ ಯೋಜನೆ ನಡೆಯುವುದಿಲ್ಲ, ತಾಯಿಗೂ ಟಿಕೆಟ್. ಅಲ್ಲಿ ಸೀರೆಯ ಜೋಳಿಗೆ ತೂಗುವುದು ಅರ್ಧ ಎದ್ದ ಗೋಡೆಯ ಕಬ್ಬಿಣದ ಸರಳಿಗೆ, ಮಳೆಯ ಸದ್ದಿನ ಜಾಗದಲ್ಲಿ ಕಾಂಕ್ರೀಟ್ ಕಲಸುವ ಯಂತ್ರ. ಊರಲ್ಲೇ ಉಳಿದು ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಈಗ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳಿವೆ. ಗುಳೆ ಹೋದ ಕೂಸಿನ ಹಿಂದೆ ಪಂಚಾಯಿತಿ ಹೋಗುವಂತಿಲ್ಲ.

ಸಾಮಾನೇ ಇಲ್ಲದೆ ಬರುವವರನ್ನು ನೋಡಲು ಕುಟುಂಬ ಒಂದು ಸಂಜೆ ಮಾಗಡಿ ಕೆರೆಗೆ ಹೋಯಿತು. 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ, ಇದೇ ಶಿರಹಟ್ಟಿ ತಾಲ್ಲೂಕಿನ ಕೆರೆ ಅದು. ಟಿಬೆಟ್, ಮಂಗೋಲಿಯಾ ಕಡೆ ಬೇಸಿಗೆಯಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಅದೇ ವರ್ಷದ ಮರಿಗಳನ್ನು ಜತೆಗೆ ಹಾರಿಸಿಕೊಂಡು, ಹಿಮಾಲಯ ದಾಟಿ, ಚಳಿಗಾಲಕ್ಕೆ ಇಲ್ಲಿ ಇಳಿಯುತ್ತವೆ. ಸುತ್ತಲಿನ ಹೊಲಗಳ ಶೇಂಗಾ ಅವುಗಳ ಊಟ. ಒಂದು ಡೈಪರ್ ಚೀಲವಿಲ್ಲ, ಒಂದು ಬಾಟಲಿಯಿಲ್ಲ. ಬಾತುಗಳ ನಿದ್ದೆಯಂತೂ ತಾಯಂದಿರ ಓದಿಗೆ ಯೋಗ್ಯ: ಗುಂಪಿನ ಅಂಚಿನಲ್ಲಿ ಮಲಗುವ ಕಾಡುಬಾತು ಒಂದು ಕಣ್ಣು ತೆರೆದಿಟ್ಟು, ಅರ್ಧ ಮಿದುಳಿಗಷ್ಟೇ ನಿದ್ದೆ ಕೊಡುತ್ತದೆಂದು 1999ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಮಗಳು ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಆ ಅರ್ಧವನ್ನೂ ಬಾತುಗಳು ಹೇಗೆ ಉಳಿಸಿಕೊಂಡವು ಎಂದಷ್ಟೇ ಕೇಳಿದಳು.

ಕೂಸು ಕಳೆಯದಂತೆ ಅದರ ಅಂಗಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಬಿಲ್ಲೆಯೂ ಗಂಟಿನಲ್ಲಿತ್ತು. ಈ ಗದಗ ಜಿಲ್ಲೆಯಲ್ಲಿ ಅದಕ್ಕೊಂದು ಹಳೆಯ, ಅಗ್ಗದ ಮಾದರಿ ಇದೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಗಾಯಕ ಭೀಮಸೇನ ಜೋಶಿಯವರು ಚಿಕ್ಕಂದಿನಲ್ಲಿ ಭಜನೆಯ ಮೆರವಣಿಗೆ ಕಂಡರೆ ಹಿಂದೆಯೇ ಹೊರಟುಬಿಡುತ್ತಿದ್ದರು, ದಣಿದಲ್ಲಿ ಮಲಗುತ್ತಿದ್ದರು. ಹುಡುಕಿ, ಪೊಲೀಸರಿಗೆ ಹೇಳಿ ಬೇಸತ್ತ ತಂದೆ ಕೊನೆಗೆ ಮಗನ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಎಂದು ಬರೆಸಿದರಂತೆ. ಮಲಗಿದ ಹುಡುಗನನ್ನು ಕಂಡವರು ಓದಿ ಮನೆಗೆ ತಂದುಬಿಡುತ್ತಿದ್ದರು. ಬ್ಯಾಟರಿ ಬೇಡ, ಸಿಗ್ನಲ್ ಬೇಡ, ಅಕ್ಷರ ಬಲ್ಲ ಒಬ್ಬ ಸಾಕು.

ಮುಂದಿನ ಪ್ರಯಾಣಕ್ಕೆ ಹೊರಡುವಾಗ ಗಂಟು ಕರಗತೊಡಗಿತು. ರೈಲಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಬೇರೆ ಬರ್ತೂ ಇಲ್ಲ. 2022ರ ಮೇ ತಿಂಗಳಲ್ಲಿ ಲಖನೌ ಮೇಲ್ ಗಾಡಿಯ ಕೆಳಬರ್ತಿಗೆ ಮಡಿಸುವ ಶಿಶು ಬರ್ತ್ ಜೋಡಿಸಿ ಪರೀಕ್ಷೆ ನಡೆಸಿದ್ದರು. ಅಂಥ ಬರ್ತಿಲ್ಲದ, ಗದುಗಿನಲ್ಲಿ ನಿಂತು ಬೆಂಗಳೂರಿಗೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಕೂಸು ತಾಯಿಯ ಮಗ್ಗುಲಿಗೆ, ತಾಯಿ ಬರ್ತಿನ ಅಂಚಿಗೆ, ಯಾರಾದರೂ ಕೆಳಗೆ ಬಿದ್ದರೆ ಹಿಡಿಯಲು ತಯಾರಾಗಿ ಅಪ್ಪ ಎದುರಿಗೆ. ಗಾಡಿಯ ತೂಗಾಟಕ್ಕೆ ಕೂಸು ಮಾತ್ರ ಬೆಳಗಿನವರೆಗೆ ಮಿಸುಕಲಿಲ್ಲ. ಧಾರವಾಡದಲ್ಲಿ ಕಪ್ಪು ಪರದೆ ಉಳಿಯಿತು, ಹಂಪಿಯ ದಾರಿಯಲ್ಲಿ ಸ್ಟ್ರಾಲರ್‌ನ ಒಂದು ಗಾಲಿ. ಗೋವಾಕ್ಕೆ ಹೋಗುವಷ್ಟರಲ್ಲಿ ಕೈಯಲ್ಲಿದ್ದದ್ದು ತೊಟ್ಟಿಲು, ಡೈಪರ್ ಮತ್ತು ಅಜ್ಜಿಯ ಸೀರೆ.

ಅಮೆರಿಕಕ್ಕೆ ಮರಳುವ ಮುನ್ನ ಮತ್ತೊಮ್ಮೆ ಬೆಳ್ಳಟ್ಟಿಗೆ ಬಂದು ಪೆಟ್ಟಿಗೆ ತೂಗತೊಡಗಿದಾಗ ಜಾಗಕ್ಕೆ ಜಗಳ. ಶೇಂಗಾ ಚಟ್ನಿ, ಖಡಕ್ ರೊಟ್ಟಿ, ಹೊಸ ಕೌದಿ ಒಳಗೆ ಹೋಗಲೇಬೇಕು, ಏನು ಬಿಡುವುದು? ಆಗ ನೋಡಿದರೆ ಮಾನಿಟರ್ ಕಾಣಲಿಲ್ಲ. ಹುಡುಕಿದಾಗ ಅದರ ಕ್ಯಾಮೆರಾ ದನದ ಕೊಟ್ಟಿಗೆಯ ಗೂಟದಲ್ಲಿ ತೂಗುತ್ತಿತ್ತು, ಪರದೆ ಅಜ್ಜನ ಹಾಸಿಗೆಯ ತಲೆದೆಸೆಯಲ್ಲಿ. ಎಮ್ಮೆ ಈಯುವ ದಿನ ಹತ್ತಿರ ಬಂದಿತ್ತು. ಅಜ್ಜ ರಾತ್ರಿ ನಾಲ್ಕು ಸಲ ಚಳಿಯಲ್ಲಿ ಎದ್ದು ಹೋಗುವುದನ್ನು ಬಿಟ್ಟು, ಮಲಗಿದಲ್ಲಿಂದಲೇ ಅದರ ಮಗ್ಗುಲು ಬದಲಾವಣೆ ಗಮನಿಸುತ್ತಿದ್ದ.

ಅಳಿಯ ತಲೆ ಕೆರೆದುಕೊಂಡು, ‘ಮಾವಾರ, ಅದು ಕೂಸಿನ ನೋಡಾಕ ತಂದಿದ್ದು’ ಎಂದ.

‘ಕೂಸಿನ ನೋಡಾಕ ಮಂದಿ ಅದಾರ್ರಿ. ಎಮ್ಮಿ ನೋಡಾವರು ಯಾರು?’