ದಣಪೆ ದಾಟಿ ಬಂದ ಐವರು

ಮೊನ್ನೆ ಸಂಜೆ ತೊಂಡೆ ಚಪ್ಪರಕ್ಕೆ ಹಗ್ಗ ಬಿಗಿಯುತ್ತಿದ್ದೆ. ಆಚೆಮನೆ ಕೂಸು ದಣಪೆ ದಾಟಿ ಓಡಿ ಬಂತು. ಕೈಯಲ್ಲಿ ಚಿತ್ರ ಬರೆಯುವ ಪಟ್ಟಿ. "ಅತ್ತೆ, ಇವರಿಗೆಲ್ಲ ಹೆಸರು ಬೇಕಾಗಿತ್ತು" ಅಂತು. ನೋಡಿದರೆ ಐದು ಜನ ಹುಡುಗಿಯರು. ನೆರಿಗೆ ನೆರಿಗೆಯ ಲಂಗ, ಮೊಣಕಾಲವರೆಗೆ ಬೂಟು, ಒಬ್ಬಳಿಗೆ ನೀಲಿ ಜಡೆ, ಇನ್ನೊಬ್ಬಳಿಗೆ ಗುಲಾಬಿ. ಎಲ್ಲರ ಕೈಯಲ್ಲೂ ಒಂದೊಂದು ಮಂತ್ರದ ಕೋಲು. ಜಪಾನಿನ ಕಾರ್ಟೂನಿನಲ್ಲಿ ಬರುತ್ತಾರಲ್ಲ, ಶಾಲೆಗೆ ಹೋಗುವ ಹುಡುಗಿಯರು, ಕಷ್ಟ ಬಂದ ಕೂಡಲೇ ಗಿರ್ರನೆ ತಿರುಗಿ ವೇಷ ಬದಲಿಸಿ ರಕ್ಕಸರ ಎದುರು ನಿಲ್ಲುವವರು, ಅದೇ ನಮೂನೆ. ಆದರೆ ಯಾರದ್ದೂ ನಕಲಲ್ಲ, ಐವರೂ ಕೂಸಿನ ಸ್ವಂತದವರು. ನೀಲಿ ಜಡೆಯವಳ ಲಂಗದ ಅಂಚಿಗೆ ಸಾಲಾಗಿ ಏಡಿ ಬರೆದಿತ್ತು. ಏಡಿ ಯಾಕೆ ಅಂದರೆ, "ಅವಳು ತದಡಿಯವಳು" ಅಂತು. ನನಗೆ ಅಲ್ಲೇ ಖುಷಿಯಾಗಿ ಹೋಯಿತು.

ಪುಟದ ಹಿಂದೆ ಹೆಸರು ಬರೆದು ಬರೆದು ಹೊಡೆದುಹಾಕಿತ್ತು. ಮೂನ್ ಏಂಜಲ್, ಸ್ಟಾರ್ ಏಂಜಲ್, ಸ್ಟಾರ್ ಪ್ರಿನ್ಸೆಸ್… ಇವಳದ್ದು ಅವಳಿಗಿಟ್ಟರೂ, ಅವಳದ್ದು ಇವಳಿಗಿಟ್ಟರೂ ನಡೆಯುತ್ತದೆ. ಏಡಿ ಲಂಗದ ಹುಡುಗಿಗೆ ಅಂಥ ಹೆಸರು ಹೇಗೆ ಕೂತೀತು ಹೇಳಿ? ಹೆಸರು ಕೇಳಿದರೆ ಹುಡುಗಿಯೇ ಎದುರಿಗೆ ಬಂದು ನಿಲ್ಲಬೇಕು, ಅಲ್ವಾ?

ಈ ವಿಷಯದಲ್ಲಿ ಜಪಾನಿನವರು ಗಟ್ಟಿಗರು. 'ಸೇಲರ್ ಮೂನ್' ಇದೆಯಲ್ಲ, 1991ರ ಕೊನೆಗೆ ತಾಕೆಉಚಿ ನಾವೊಕೊ ಬರೆಯಲು ಶುರುಮಾಡಿದ್ದು, ಅದರ ನಾಯಕಿ ತ್ಸುಕಿನೊ ಉಸಾಗಿ. ಉಸಾಗಿ ಅಂದರೆ ಮೊಲ. ಮನೆತನದ ಹೆಸರು ಸೇರಿಸಿ ಹೇಳಿದರೆ ಚಂದ್ರನ ಮೊಲ. ಚಂದ್ರನಲ್ಲಿ ಮೊಲ ಕಂಡವರು ನಾವೂ ಹೌದಲ್ಲ! ಶಶ ಅಂದರೆ ಮೊಲ, ಮೊಲ ಇರುವವನು ಶಶಿ. ನಮ್ಮ ಯಕ್ಷಗಾನದಲ್ಲಿ 'ಶಶಿಪ್ರಭಾ ಪರಿಣಯ' ಅಂತ ಪ್ರಸಂಗವೇ ಇದೆ. ಎಷ್ಟು ರಾತ್ರಿ ನಿದ್ದೆಗೆಟ್ಟು ನೋಡಿದ್ದೇನೋ, ಶಶಿಪ್ರಭೆ ಎಂಬ ಹೆಸರಿನೊಳಗೆ ಒಂದು ಮೊಲ ಅಡಗಿ ಕೂತಿದೆ ಅಂತ ನನಗೆ ಹೊಳೆದದ್ದು ಮೊನ್ನೆ, ಈ ಕೂಸಿನ ಪಟ್ಟಿ ನೋಡುವಾಗ. ಅದೇ ಪ್ರಸಂಗದ ಇನ್ನೊಬ್ಬಳು ಭ್ರಮರಕುಂತಳೆ. ದುಂಬಿಯಂಥ ಕಪ್ಪು ಮುಂಗುರುಳಿನವಳು! ಜಡೆಗೆ ಬಣ್ಣ ಹಚ್ಚುವ ಕೆಲಸವನ್ನೂ ಆ ಹೆಸರೇ ಮಾಡಿಬಿಟ್ಟಿದೆ.

ಹೆಸರಿನ ಹಿಂದೆ ಒಂದೊಂದು ಕತೆ ಇರುತ್ತದೆ ನೋಡಿ. 1966ರಲ್ಲಿ ಜಪಾನಿನ ಟಿವಿಗೆ ಬಂದ ಪುಟ್ಟ ಮಾಟಗಾತಿ ಸ್ಯಾಲಿ, ಮೊದಲು ಚಿತ್ರಕಥೆಯಲ್ಲಿ ಸನ್ನಿ ಆಗಿದ್ದಳು. ಆ ಹೆಸರು ಸೋನಿ ಕಂಪನಿಯವರ ಕೈಯಲ್ಲಿತ್ತು, ಅದಕ್ಕೆ ಸ್ಯಾಲಿ ಆದಳು. 2004ರಲ್ಲಿ ಶುರುವಾದ ಪ್ರಿಕ್ಯೂರ್ ಸರಣಿಯ ಮೊದಲ ಇಬ್ಬರಲ್ಲಿ ಒಬ್ಬಳು ನಗಿಸಾ. ನಾನು ನಗಿಸುವವಳು ಅಂದುಕೊಂಡಿದ್ದೆ. ಅವರ ಭಾಷೆಯಲ್ಲಿ ನಗಿಸಾ ಅಂದರೆ ಕಡಲದಂಡೆಯಂತೆ. ನಮ್ಮೂರ ಹುಡುಗಿಯೇ ಆಯ್ತಲ್ಲ ಅವಳು!

ಇನ್ನು ಸೇಲರ್ ಮೂನಿನ ಗೆಳತಿಯರು, ಒಬ್ಬೊಬ್ಬಳಿಗೆ ಒಂದೊಂದು ಗ್ರಹ. ಬುಧಗ್ರಹಕ್ಕೆ ಅಲ್ಲಿ ನೀರಿನ ನಕ್ಷತ್ರ ಅನ್ನುತ್ತಾರೆ, ಅದಕ್ಕೇ ಬುಧನ ಹುಡುಗಿಯ ಮನೆತನದ ಹೆಸರಲ್ಲಿ ನೀರು. ಮಂಗಳದವಳ ಹೆಸರಲ್ಲಿ ಬೆಂಕಿ, ಗುರುವಿನವಳ ಹೆಸರಲ್ಲಿ ಮರ. ಕೂಸು ಇದನ್ನು ಹೇಳುವಾಗ ನನಗೆ ಹಾಲಕ್ಕಿ ಕೇರಿ ನೆನಪಾಯಿತು. ಶುಕ್ರವಾರ ಹುಟ್ಟಿದರೆ ಸುಕ್ರಿ, ಸೋಮವಾರವಾದರೆ ಸೋಮಿ. ಅಂಕೋಲೆ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಆ ಎರಡಕ್ಷರ ದಿಲ್ಲಿಯವರೆಗೆ ಹೋಯಿತು. ಆಕಾಶದ ಶುಕ್ರನೇ ಗದ್ದೆ ಬದುವಿಗೆ ಇಳಿದು ಸುಕ್ರಿ ಆದದ್ದು. ಅದಕ್ಕಿಂತ ಮಂತ್ರದ ಹೆಸರು ಬೇಕಾ?

ಸಣ್ಣಕಿದ್ದಾಗ ಗಜನಿ ಗದ್ದೆ ಕಡೆಯಿಂದ ಆ ಕೂಗು ಕೇಳುತ್ತಿತ್ತು, "ಸುಕ್ರೀ…" ಅಂತ. ಕಡಲಗಾಳಿ ಎದುರಿಗೆ ಬೀಸುತ್ತಿದ್ದರೂ ಕೊನೆಯ 'ಈ' ಬದು ದಾಟಿ, ಹೊಳೆ ದಾಟಿ ಹೋಗುತ್ತಿತ್ತು. ಹೆಸರಿಡುವವರು ಇದನ್ನು ನೋಡಲೇಬೇಕು ಅಂತ ನನ್ನ ಹಟ. ಯುದ್ಧದ ನಡುವೆ ಗೆಳತಿ ಗೆಳತಿಯನ್ನು ಕರೆಯಬೇಕಲ್ಲ? ಮತ್ತೆ ಹೆಸರು ಮೊಟಕಾದಾಗಲೂ ಚಂದ ಉಳಿಯಬೇಕು. ನಮ್ಮ ಕಡೆ ಯಾವ ಹೆಸರೂ ಪೂರ್ತಿ ಉಳಿದದ್ದಿಲ್ಲ. ಗೋಕರ್ಣದ ದೇವರ ಹೆಸರನ್ನೇ ಭಕ್ತಿಯಿಂದ ಇಟ್ಟರೂ ಮಹಾಬಲೇಶ್ವರ ಅಂಗಳಕ್ಕೆ ಇಳಿಯುವಷ್ಟರಲ್ಲಿ ಮಾಬ್ಲ.

ಕೂಸು ಐವರ ಹೆಸರೂ ಒಂದೇ ಅಕ್ಷರದಿಂದ ಶುರುವಾಗಲಿ ಅಂತ ಹಟ ಹಿಡಿಯಿತು. ಜೋಗಕ್ಕೆ ಹೋಗಿ ಬಂದಿತ್ತು ಬೇರೆ. ರಾಜ, ರಾಣಿ, ರೋರರ್, ರಾಕೆಟ್, 253 ಮೀಟರ್ ಮೇಲಿಂದ ಒಟ್ಟಿಗೇ ಹಾರುವ ನಾಲ್ವರು! ಅವರ ಮಾತು ಬೇರೆ, ಕಣ್ಣಿಗೆ ಒಟ್ಟಿಗೇ ಕಾಣುತ್ತಾರೆ. ಕತೆ ಓದುವಾಗ ಎಲ್ಲವೂ 'ರ' ಆದರೆ ಯಾರು ಯಾರೆಂದು ತಿಳಿಯುವುದೇ ಇಲ್ಲ, ಬೇಡ ತಂಗೀ ಅಂದೆ.

ಜೋಗದ ಮಾತು ಬಂತಲ್ಲ, ಅಲ್ಲಿಂದ ಹೊಳೆಗೆ ಇಳಿದೆವು. ಹೊಳೆಗಳ ಹೆಸರನ್ನೇ ಇಡಬಾರದಾ? ಕಾರವಾರದಲ್ಲಿ ಕಾಳಿ, ಕಪ್ಪು ಜಡೆಯವಳು. ಹೊನ್ನಾವರದಲ್ಲಿ ಶರಾವತಿ, ರಾಮನ ಬಾಣದಿಂದ ಹುಟ್ಟಿದವಳು, ಮಂತ್ರದ ಕೋಲಿನ ಬದಲು ಅವಳಿಗೆ ಬಿಲ್ಲು ಕೊಡೋಣ ಅಂತ ಕೂಸೇ ರಬ್ಬರ್ ತೆಗೆದು ಅಳಿಸಲು ಕೂತಿತು. ತದಡಿಯ ಏಡಿ ಹುಡುಗಿ ಅಘನಾಶಿನಿ. ಅಘ ಅಂದರೆ ಪಾಪ, ಅದನ್ನು ನಾಶ ಮಾಡುವವಳು. ಶರಾವತಿಗಾದರೂ ಲಿಂಗನಮಕ್ಕಿಯಲ್ಲಿ ತಡೆ ಉಂಟು. ಅಘನಾಶಿನಿ ದೊಡ್ಡ ಅಣೆಕಟ್ಟು ಒಂದೂ ಇಲ್ಲದೆ ಉಂಚಳ್ಳಿಯಲ್ಲಿ ಹಾರಿ ಸೀದಾ ಕಡಲಿಗೆ ಬರುವವಳು. ರಕ್ಕಸರ ಎದುರು ನಿಲ್ಲುವವಳಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ಯಾವ ದೇಶದವರೂ ಇಟ್ಟಿರಲಿಕ್ಕಿಲ್ಲ, ನಾನಂತೂ ಕೇಳಿಲ್ಲ.

ಗಂಗಾವಳಿಯದ್ದು ಇನ್ನೂ ಚಂದ. ಘಟ್ಟದ ಮೇಲೆ ಅವಳು ಬೇಡ್ತಿ, ಕೆಳಗಿಳಿದ ಮೇಲೆ ಗಂಗಾವಳಿ. ಹುಡುಗಿ ಒಬ್ಬಳೇ, ಹೆಸರು ಎರಡು, ನಡುವೆ ಒಂದು ಜಿಗಿತ. ಈ ಮಾಯಾ ಹುಡುಗಿಯರ ಕತೆಯೆಲ್ಲ ಇರುವುದು ಅಷ್ಟರಲ್ಲೇ ಅಲ್ವಾ?

ಐದನೆಯದಕ್ಕೆ ತೊಡಕಾಯಿತು. ಭಟ್ಕಳದ ಹೊಳೆ ವೆಂಕಟಾಪುರ. ಒಳ್ಳೆಯ ಹೊಳೆಯೇ, ಆದರೆ ಲಂಗ ತೊಟ್ಟವಳನ್ನು ವೆಂಕಟಾಪುರ ಅಂತ ಕರೆಯುವುದು ಹೇಗೆ? ಅಷ್ಟರಲ್ಲಿ ಯಾಣ ನೆನಪಾಯಿತು. 120 ಮೀಟರಿನ ಭೈರವೇಶ್ವರ ಶಿಖರ, ಪಕ್ಕದಲ್ಲಿ ಮೋಹಿನಿ ಶಿಖರ. ವೇಷ ಬದಲಿಸಿ ಭಸ್ಮಾಸುರನನ್ನು ಸುಟ್ಟ ಮೋಹಿನಿಗಿಂತ ಹಿರಿಯ ಮಾಯಾ ಹುಡುಗಿ ಯಾರಿದ್ದಾರೆ! ಆದರೆ ನಮಗೆ ಹೊಳೆ ಬೇಕಿತ್ತು. ಅದೇ ಕಾಡಿನಲ್ಲಿ ಹರಿದು ಅಘನಾಶಿನಿಗೆ ಸೇರುವವಳು ಚಂಡಿಕಾ. ಹೆಸರು ಹೇಳಿದ್ದೇ ಕೂಸು ಎದ್ದು ನಿಂತು "ಚಂಡೀ…" ಅಂತ ಕೂಗಿ ನೋಡಿತು. ಆಚೆ ತೋಟದವರೆಗೂ ಕೇಳಿರಬೇಕು.

ಐವರನ್ನೂ ಸೇರಿಸಿ ಏನನ್ನುವುದು? ಟೀಮ್, ಸ್ಕ್ವಾಡ್ ಯಾವುದೂ ನನ್ನ ಕಿವಿಗೆ ಹಿತವಾಗಲಿಲ್ಲ. ಮೇಳ ಅಂದೆ. ಗುಂಡಬಾಳ ಮೇಳ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ, ಎಲ್ಲ ಊರಿನ ಹೆಸರು ಹೊತ್ತವರು. ಇವರದ್ದು ಅಘನಾಶಿನಿ ಮೇಳ. ಆ ಕಾರ್ಟೂನು ಹುಡುಗಿಯರು ಯುದ್ಧಕ್ಕೆ ಮುಂಚೆ ಸಾಲಾಗಿ ನಿಂತು ತಮ್ಮ ತಮ್ಮ ಹೆಸರು ಹೇಳಿಕೊಳ್ಳುತ್ತಾರಲ್ಲ, ಅದು ನಮ್ಮ ಒಡ್ಡೋಲಗವೇ. ಪ್ರಮೀಳೆಯ ಒಡ್ಡೋಲಗ ನೋಡಿದವರಿಗೆ ಹೇಳುವುದೇ ಬೇಡ. ಹೆಣ್ಣುಗಳದ್ದೇ ರಾಜ್ಯ, ಅರ್ಜುನನ ಕುದುರೆಯನ್ನೇ ಕಟ್ಟಿಹಾಕಿದವರು.

ಮೇಳಕ್ಕೊಬ್ಬ ಯಜಮಾನಿ ಬೇಕು ಅಂದಿತು ಕೂಸು. ಮಿರ್ಜಾನ ಕೋಟೆ ಇಷ್ಟು ಹತ್ತಿರ ಇರುವಾಗ ಹುಡುಕಲು ಎಲ್ಲಿಗೆ ಹೋಗಬೇಕು? ಆ ಕೋಟೆಯ ರಾಣಿ, ಗೇರುಸೊಪ್ಪೆಯ ಚೆನ್ನಭೈರಾದೇವಿ, 1552ರಿಂದ 1606ರವರೆಗೆ ಆಳಿದವಳು. ಪೋರ್ಚುಗೀಸರ ಬಾಯಲ್ಲಿ ರೈನಾ ದ ಪಿಮೆಂಟಾ, ಕಾಳುಮೆಣಸಿನ ರಾಣಿ. ಕಿರೀಟಕ್ಕೆ ಮುತ್ತಿನ ಬದಲು ಮೆಣಸಿನ ಕಾಳು ಬರೆ ಅಂದೆ. ಒಂದೊಂದೇ ಕಪ್ಪು ಚುಕ್ಕೆ ಇಡುತ್ತ ಕೂತಿತು, ನಾಲಿಗೆಯ ತುದಿ ಹೊರಗೆ.

ಬರೆದದ್ದಾದ ಮೇಲೆ ಉಳಿದವರನ್ನೂ ಕೂಗಿ ನೋಡುತ್ತೇನೆ ಅಂತ ಅಂಗಳದ ನಡುವೆ ನಿಂತಿತು. "ಕಾಳೀ…" ಸರಿ. "ಶರೂ…" ಅದೂ ಸರಿ. "ಗಂಗೇ…" ಅಂದಿದ್ದೇ ತಡ, ಕೊಟ್ಟಿಗೆಯಿಂದ "ಅಂಬಾ" ಅಂತ ಉತ್ತರ ಬಂತು! ನಮ್ಮನೆ ಕರುವಿನ ಹೆಸರೂ ಗಂಗೆಯೇ ಅಲ್ವಾ, ನನಗೆ ನೆನಪೇ ಇರಲಿಲ್ಲ. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಗೆಳತಿಯರು ಅವಳನ್ನು ಬೇಡ್ತಿ ಅಂತಲೇ ಕರೆಯಲಿ ಅಂತಾಯಿತು.

ಆ ಕಾರ್ಟೂನು ಹುಡುಗಿಯರ ಜೊತೆ ಯಾವಾಗಲೂ ಒಂದು ಮಾತಾಡುವ ಪ್ರಾಣಿ ಇರುತ್ತದಂತೆ. ಅವರಮ್ಮ ಬೇಲಿಯಾಚೆಯಿಂದ ಮೂರನೇ ಸಲ ಕರೆದರೂ ಕೂಸು ಏಳಲಿಲ್ಲ. ಕೊಟ್ಟಿಗೆ ಬಾಗಿಲಲ್ಲಿ ಕೂತು, ಗಂಗೆಯ ಕಿವಿ ಎಷ್ಟು ಉದ್ದ ಅಂತ ಪೆನ್ಸಿಲಿನಿಂದ ಅಳೆಯುತ್ತಿತ್ತು.