ಕಡ್ಡಿದ್ವಯ ಮೀಮಾಂಸೆ ಅಥವಾ ಹೆಣಿಗೆ ಪುಸ್ತಕಗಳ ಲಕ್ಷಣ ವಿಚಾರ

ಶಾಸ್ತ್ರವೆಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಪಂಡಿತರು ಮುಂದಕ್ಕೆ ಓದುವುದಿಲ್ಲ. ಹೇಳಿದರೂ ಓದುವುದಿಲ್ಲ ಎಂಬುದು ಬೇರೆ ಮಾತು. ವಿಷಯ: ಹೆಣಿಗೆಯ, ಅಂದರೆ ಪೇಟೆಯ ಮಾತಿನಲ್ಲಿ ನಿಟ್ಟಿಂಗಿನ, ಪುಸ್ತಕ. ಅಧಿಕಾರಿ: ಅರ್ಧ ಮುಗಿದ ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀರುವಿನ ಮೇಲಿಟ್ಟು, ಹೊಸ ಡಿಸೈನಿನ ಪುಸ್ತಕ ಕೊಳ್ಳಲು ಹೊರಟವರು. ಸಂಬಂಧ: ಆ ಪುಸ್ತಕಕ್ಕೂ ಈ ಸ್ವೆಟರಿಗೂ ಯಾವ ಸಂಬಂಧವೂ ಇಲ್ಲ. ಇನ್ನು ಪ್ರಯೋಜನ. ಬೆಂಗಳೂರಿನಂಥ ಊರಿನಲ್ಲಿ ವರ್ಷಕ್ಕೆ ಕೆಲವೇ ವಾರ ಬೇಕಾಗುವ ಉಡುಪಿಗೆ ಪ್ರಯೋಜನ ಕೇಳುವುದು ಅಧಿಕಪ್ರಸಂಗ. ನಿತ್ಯಕರ್ಮಕ್ಕೆ ಬೇರೆ ಫಲ ಹುಡುಕಬಾರದೆಂದು ಮೀಮಾಂಸಕರೇ ವಿಧಿಸಿದ್ದಾರೆ.

ಯಾವ ವಿದ್ಯೆಯನ್ನಾದರೂ ಹೊಯ್ಸಳರ ಕಾಲಕ್ಕೆ ಒಯ್ದು ನಿಲ್ಲಿಸುವುದು ನಮ್ಮ ಸಂಶೋಧನೆಯ ಸಂಪ್ರದಾಯ. ಪ್ರಯತ್ನಿಸಿದ್ದಾಯಿತು. ಬೇಲೂರಿನ ಮದನಿಕೆಯರಲ್ಲಿ ಒಬ್ಬಳೂ ಸ್ವೆಟರ್ ತೊಟ್ಟಿಲ್ಲ, ತೊಟ್ಟದ್ದೇ ಕಡಿಮೆ. ಕುರುಬರ ಕಂಬಳಿಯನ್ನು ಸಾಕ್ಷ್ಯವಾಗಿ ತರೋಣವೆಂದರೆ ಅದು ನೇಯ್ಗೆ: ಅಲ್ಲಿ ಹಾಸು ಬೇರೆ, ಹೊಕ್ಕು ಬೇರೆ, ಶುದ್ಧ ದ್ವೈತ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ, ಅದೇ ಕುಣಿಕೆಯಾಗಿ ತನ್ನೊಳಗೆ ತಾನೇ ನುಗ್ಗಿ ತೋಳಾಗಿ, ಬೆನ್ನಾಗಿ, ಕಾಲರಾಗಿ ತೋರುತ್ತದೆ. ತುದಿ ಹಿಡಿದು ಎಳೆದರೆ ನಾಮರೂಪವೆಲ್ಲ ಬಿಚ್ಚಿಹೋಗಿ ಉಲ್ಲನ್ ಮಾತ್ರ ಉಳಿಯುತ್ತದೆ. ಇಷ್ಟು ಸ್ಪಷ್ಟ ಅದ್ವೈತ ನಮ್ಮಲ್ಲಿ ಹುಟ್ಟದೆ ಹೋದದ್ದು ಹೇಗೆಂಬುದು ಪ್ರತ್ಯೇಕ ಪಿಎಚ್.ಡಿ.ಗೆ ಯೋಗ್ಯವಾದ ವಿಷಯ.

ಹೀಗಾಗಿ ಮನಸ್ಸಿಲ್ಲದಿದ್ದರೂ ಲಂಡನ್ನಿಗೆ ಹೋಗಬೇಕಾಗಿದೆ. ಇಂಗ್ಲಿಷಿನಲ್ಲಿ ಅಚ್ಚಾದ ಅತಿ ಹಳೆಯ ಹೆಣಿಗೆ ವಿಧಿಗಳಲ್ಲಿ ಒಂದು, ಕಾಲುಚೀಲದ್ದು, 1655ರ 'ನಟೂರಾ ಎಕ್ಸೆಂಟರೇಟಾ' ಎಂಬ ಗ್ರಂಥದಲ್ಲಿದೆ. ಅದು ಮದ್ದಿನ ಪುಸ್ತಕ. ರೋಗಗಳಿಗೆ ಹೇಳಿದ ಕಷಾಯಗಳ ಸಾಲಿನಲ್ಲೇ ಕಾಲುಚೀಲವನ್ನೂ ಸೇರಿಸಿದ ಆ ಸಂಪಾದಕರ ದೃಷ್ಟಿ ದೊಡ್ಡದು. ಆಮೇಲೆ ಎಡಿನ್‌ಬರೋದಲ್ಲಿ ಅಂಗಡಿ ನಡೆಸುತ್ತಿದ್ದ ಜೇನ್ ಗಾಗೇನ್ 1840ರಲ್ಲಿ ಪುಸ್ತಕ ತಂದರು. ಹೆಣಿಗೆಯ ವಿಧಿಗೆ ಸಂಕ್ಷೇಪಾಕ್ಷರ ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಸೂತ್ರಕಾಲ ಇಲ್ಲಿಂದ ಆರಂಭ.

'ಕೆ ಟು, ಪಿ ಟು, ವೈ ಓ' ಎಂಬ ಒಂದು ಸಾಲನ್ನು ನೋಡಿ. ಎರಡು ಕುಣಿಕೆ ನೇರ, ಎರಡು ಉಲ್ಟಾ, ಆಮೇಲೆ ಕಡ್ಡಿಗೆ ನೂಲನ್ನು ಒಮ್ಮೆ ಸುತ್ತಿ ತೂತು ಬಿಡು ಎಂಬಷ್ಟು ಅರ್ಥ ಅದರಲ್ಲಿ ಅಡಗಿದೆ. ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವ ವೈಯಾಕರಣರು ಇದನ್ನು ಕಂಡರೆ ನಾಮಕರಣವನ್ನೇ ಮಾಡಿಸಿಯಾರು. ಸಾಲಿನ ನಡುವೆ ಒಂದು ನಕ್ಷತ್ರ ಹಾಕಿ 'ಇಲ್ಲಿಂದ ಮತ್ತೆ' ಎನ್ನುವುದು ಪಾಣಿನಿಯ ಅನುವೃತ್ತಿಯೇ ಹೊರತು ಬೇರೆಯಲ್ಲ. ತೊಂದರೆ ಏನೆಂದರೆ ಪಾಣಿನಿಗೆ ಪತಂಜಲಿ ಸಿಕ್ಕಿದ, ಎಷ್ಟೋ ಹೆಣಿಗೆ ಪುಸ್ತಕಗಳಿಗೆ ಸಿಕ್ಕಿಲ್ಲ. ಆದ್ದರಿಂದ ಸಂಕ್ಷೇಪಗಳ ವಿವರಣೆ ಎಲ್ಲಿದೆಯೆಂದು ಮೊದಲು ನೋಡಬೇಕು. ಅದೇ ಸಾಲನ್ನು ಚೌಕುಳಿ ಹಾಳೆಯ ಚಾರ್ಟಿನಲ್ಲೂ ಬಿಡಿಸಿದ್ದರೆ ಪುಸ್ತಕ ಉತ್ತಮ ವರ್ಗಕ್ಕೆ ಸೇರುತ್ತದೆ. ಜಪಾನಿನ ಪುಸ್ತಕಗಳು ಈ ಮಾರ್ಗದ ಪರಮಾವಧಿ. ಅಲ್ಲಿ ಚಿಹ್ನೆಗಳಿಗೆ ರಾಷ್ಟ್ರೀಯ ಪ್ರಮಾಣವೇ ಇದೆ. ಹಿಟೋಮಿ ಶಿಡಾ ಅವರ 260 ವಿನ್ಯಾಸಗಳ ಸಂಕಲನ ಇಂಗ್ಲಿಷಿಗೆ ಬಂದದ್ದು 2017ರಲ್ಲಿ. ಜಪಾನಿಯ ಒಂದಕ್ಷರ ಬಾರದ ದೇಶದೇಶದ ಹೆಂಗಸರು ಅದಕ್ಕೆ ಮುಂಚೆಯೇ ಮೂಲವನ್ನು ಮುಂದಿಟ್ಟುಕೊಂಡು ಹೆಣೆಯುತ್ತಿದ್ದರು. ಭಾಷಾಂತರಕಾರರ ವೃತ್ತಿಗೆ ಇದಕ್ಕಿಂತ ದೊಡ್ಡ ಅಪಮಾನ ನಮ್ಮ ಗಮನಕ್ಕೆ ಬಂದಿಲ್ಲ.

ಪಾಠಾಂತರ ಸಮಸ್ಯೆ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8ನೇ ನಂಬರಿನ ಕಡ್ಡಿ 4 ಮಿಲಿಮೀಟರ್, ಅಮೆರಿಕದ ಲೆಕ್ಕದಲ್ಲಿ 5 ಮಿಲಿಮೀಟರ್. ಅಲ್ಲಿ ನಂಬರು ಏರಿದಷ್ಟೂ ಕಡ್ಡಿ ದಪ್ಪ, ಇಲ್ಲಿ ತೆಳ್ಳಗೆ. ನಮ್ಮ ಅಂಗಡಿಗಳಿಗೆ ಬಂದದ್ದು ಬ್ರಿಟಿಷರದ್ದು. ಪುಸ್ತಕ ಯಾವ ಶಾಖೆಯದೆಂದು ತಿಳಿಯದೆ ಹೊರಟವರಿಗೆ ಗಂಡನ ಅಳತೆಯ ಸ್ವೆಟರು ಅವರ ಭಾವನವರಿಗೆ ಸರಿಹೊಂದುತ್ತದೆ. ಹತ್ತು ಸೆಂಟಿಮೀಟರಿಗೆ 22 ಕುಣಿಕೆ ಎಂದು ಪುಸ್ತಕ ಹೇಳಿ, ನಿಮ್ಮ ಕೈಗೆ 20 ಬಂದರೆ ಎರಡೇ ಕುಣಿಕೆ ತಾನೇ ಎನ್ನಿಸುತ್ತದೆ. 100 ಸೆಂಟಿಮೀಟರ್ ಎದೆಸುತ್ತಿಗೆ ಹಾಕಿಕೊಂಡ 220 ಕುಣಿಕೆಗಳು 110 ಸೆಂಟಿಮೀಟರಿಗೆ ಬಂದು ನಿಲ್ಲುತ್ತವೆ. ಮಿಲಿಮೀಟರಿನಲ್ಲಿ ಕಡ್ಡಿಯ ಅಳತೆ, ಕುಣಿಕೆಯ ಲೆಕ್ಕ, ಎರಡೂ ಇಲ್ಲದ ಪುಸ್ತಕ ಕಾವ್ಯವಾಗಬಹುದು, ಶಾಸ್ತ್ರವಲ್ಲ.

ಛಾಯಾಚಿತ್ರ ಪ್ರಕರಣ ವಿಸ್ತಾರವಾದದ್ದು. ಆನಂದವರ್ಧನನ ಪ್ರಕಾರ ಕಾವ್ಯದ ಆತ್ಮ ಧ್ವನಿ. ಹೆಣಿಗೆ ಪುಸ್ತಕದ ಛಾಯಾಗ್ರಾಹಕರು ಇದನ್ನು ಅರೆದು ಕುಡಿದಿದ್ದಾರೆ. ರೂಪದರ್ಶಿ ಎರಡೂ ಕೈಯಲ್ಲಿ ಕಾಫಿ ಮಗ್ ಹಿಡಿದು ಎದೆಗೆ ಒತ್ತಿಕೊಂಡಿದ್ದಾಳೆಂದರೆ ವಾಚ್ಯಾರ್ಥ ಚಳಿ. ವ್ಯಂಗ್ಯಾರ್ಥ, ಗುಂಡಿಪಟ್ಟಿ ನೆಟ್ಟಗೆ ಕೂತಿಲ್ಲ. ಕೂದಲು ಭುಜದ ಮೇಲೆ ಹರಡಿದ್ದರೆ ಕಾಲರಿನಲ್ಲಿ ದೋಷ. ಗಾಳಿಗೆ ಮುಖವೊಡ್ಡಿ ತೋಳು ಚಾಚಿ ನಿಂತಿದ್ದರೆ ಸ್ವಾತಂತ್ರ್ಯದ ಸಂಕೇತವೆಂದು ಎಳೆಯ ವಿಮರ್ಶಕರು ಬರೆಯುತ್ತಾರೆ. ತೋಳು ಇಳಿಸಿದರೆ ಕಂಕುಳಲ್ಲಿ ಬಟ್ಟೆ ಮುದ್ದೆಯಾಗುತ್ತದೆಂಬುದು ಪಕ್ವ ಸಹೃದಯರಿಗೆ ಮಾತ್ರ ಹೊಳೆಯುವ ಅರ್ಥ. ಕಡಲ ಬಂಡೆಯ ಮೇಲೆ ಬೆನ್ನು ತೋರಿಸಿ ಕೂತವಳ ಮುಂಭಾಗದ ಬಗ್ಗೆ ಏನನ್ನೂ ಕೇಳಬಾರದು. ಒಮ್ಮೆಯಾದರೂ ಕೈ ಇಳಿಬಿಟ್ಟು ಎದುರಿಗೆ ನಿಂತ ಮನುಷ್ಯರು, ಪಕ್ಕದಲ್ಲಿ ಎದೆ, ತೋಳು, ಉದ್ದಗಳ ಅಳತೆ ಬರೆದ ರೇಖಾಚಿತ್ರ: ಇವು ಇದ್ದರೆ ಪುಸ್ತಕ ಸಭ್ಯಸ್ಥರದ್ದೆಂದು ತಿಳಿಯಬೇಕು. 1938ರ ಮೇರಿ ಥಾಮಸ್ ಅವರ ಪುಸ್ತಕವನ್ನು ಮರೆಮಾಚದೆ ತೋರಿಸುವ ಈ ಗುಣಕ್ಕೇ ಇಂದಿಗೂ ಜನ ಕೊಳ್ಳುತ್ತಾರೆ. ಅದರಲ್ಲಿ ಪಾಠ ಹೇಳುವುದು ಗೆರೆಚಿತ್ರಗಳು. ನೂಲು ಎಲ್ಲಿ ಒಳಹೊಕ್ಕು ಎಲ್ಲಿ ಹೊರಬಂತೆಂದು ಕಣ್ಣಿಗೆ ಕಾಣುತ್ತದೆ.

ಮುನ್ನುಡಿಯಲ್ಲಿ ಬೆಸ್ತರು ಮುಳುಗಿ ಸತ್ತಿದ್ದರೆ ಎಚ್ಚರವಿರಲಿ. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಮನೆತನಕ್ಕೊಂದು ವಿನ್ಯಾಸವಿತ್ತು, ದಡಕ್ಕೆ ಬಂದ ಹೆಣವನ್ನು ಸ್ವೆಟರಿನಿಂದಲೇ ಗುರುತಿಸುತ್ತಿದ್ದರು ಎಂಬ ಕಥೆ ಎಷ್ಟೋ ಪುಸ್ತಕಗಳಲ್ಲಿ ಬರುತ್ತದೆ. ಅದರ ಬೇರು ಸಿಂಜ್ ಬರೆದ ನಾಟಕದಲ್ಲಿದೆ. 1904ರಲ್ಲಿ ರಂಗಕ್ಕೆ ಬಂದ ಆ ನಾಟಕದಲ್ಲಿ ತಂಗಿ ಗುರುತಿಸುವುದು ಅಣ್ಣನ ಕಾಲುಚೀಲವನ್ನು, ತಾನು ಹಾಕಿದ ಕುಣಿಕೆಗಳನ್ನು ಎಣಿಸಿ. ಮನೆತನದ ವಿನ್ಯಾಸದ ಮಾತೇ ಅಲ್ಲಿಲ್ಲ. ಆಕ್ಸ್‌ಫರ್ಡಿನಲ್ಲಿ ನೂಲಿನ ಅಂಗಡಿ ಇಟ್ಟಿದ್ದ ಹೈಂಜ್ ಎಡ್ಗರ್ ಕೀವೆ 1967ರಲ್ಲಿ ಹೆಣಿಗೆಯ ಪವಿತ್ರ ಇತಿಹಾಸವನ್ನೇ ಬರೆದು ಈ ಸ್ವೆಟರನ್ನು ಪ್ರಾಚೀನ ಹಸ್ತಪ್ರತಿಗಳ ಕಾಲಕ್ಕೆ ಒಯ್ದ. ಅಂಗಡಿಯವನೇ ಇತಿಹಾಸಕಾರನಾದರೆ ಸರಕಿಗೆ ವಯಸ್ಸಾಗುವುದು ಸಹಜ. ಅದನ್ನು ಬಿಡಿಸಿ ಹೇಳಿದವರು ಲೆಸ್ಟರಿನ ಬಿಷಪ್ ರಿಚರ್ಡ್ ರಟ್, 1987ರ ತಮ್ಮ ಕೈಹೆಣಿಗೆಯ ಇತಿಹಾಸದಲ್ಲಿ. ಸ್ವತಃ ಹೆಣೆಯುತ್ತಿದ್ದ ಧರ್ಮಾಧಿಕಾರಿ ಪುರಾಣವನ್ನು ಒಡೆದು, ವ್ಯಾಪಾರಿ ಪುರಾಣವನ್ನು ಕಟ್ಟಿದ ಈ ಪ್ರಸಂಗ ಮತಧರ್ಮಗಳ ಅಧ್ಯಯನಕ್ಕೂ ಉಪಯುಕ್ತ.

ಈಗ ಪೂರ್ವಪಕ್ಷ. ಪುಸ್ತಕವೇ ಏಕೆ ಬೇಕು ಎನ್ನುವ ಒಂದು ಪ್ರಬಲ ಪಂಥ ನಮ್ಮಲ್ಲಿದೆ. ಇದಕ್ಕೆ ಚಿಕ್ಕಮ್ಮ ಪ್ರಸ್ಥಾನವೆಂದು ಹೆಸರಿಡೋಣ. ಬಸ್ಸಿನಲ್ಲಿ ಮುಂದಿನ ಸೀಟಿನವರ ಬೆನ್ನೇ ಇವರ ಮೂಲಗ್ರಂಥ. ಎರಡು ಸ್ಟಾಪು ಕಳೆಯುವುದರೊಳಗೆ ವಿನ್ಯಾಸ ಕಂಠಸ್ಥ. ಆ ಬೆನ್ನು ಮಧ್ಯದಲ್ಲೇ ಇಳಿದುಹೋದರೆ ಉಳಿದ ಭಾಗ ಸ್ವಕಪೋಲಕಲ್ಪಿತ. "ಪುಸ್ತಕ ನೋಡಿ ಹಾಕೋದೇನ್ರೀ ದೊಡ್ಡ ವಿದ್ಯೆ, ಮನುಷ್ಯರನ್ನ ನೋಡಿ ಹಾಕಬೇಕು" ಎಂಬುದು ಇವರ ವಾದ. ಇದನ್ನು ಖಂಡಿಸುವ ಶಕ್ತಿ ಪ್ರಬಂಧಕಾರನಿಗಿಲ್ಲ. ಸಮನ್ವಯ ಮಾತ್ರ ಸಾಧ್ಯ: ಈ ಪ್ರಸ್ಥಾನಕ್ಕೆ ಬೇಕಾದದ್ದು ಇಡೀ ಸ್ವೆಟರಿನ ವಿಧಿಯಲ್ಲ, ಒಂದು ನಿಘಂಟು ಮತ್ತು ಒಂದು ಮಾನಸೂತ್ರ.

ನಿಘಂಟನ್ನು ಬಾರ್ಬರಾ ವಾಕರ್ 1968ರಲ್ಲಿ ಕೊಟ್ಟರು. ಅದು ವಿನ್ಯಾಸಗಳ ಕೋಶ. ಸ್ವೆಟರ್ ಒಂದೂ ಇಲ್ಲ, ಆದರೆ ಸ್ವೆಟರಿಗೆ ಬೇಕಾದ ಪದಸಂಪತ್ತೆಲ್ಲ ಇದೆ. ಮಾನಸೂತ್ರ ಎಲಿಜಬೆತ್ ಝಿಮ್ಮರ್‌ಮನ್ ಅವರದು. ನಮ್ಮ ಸ್ಥಪತಿಗಳು ಮುಖದ ಉದ್ದವನ್ನು ಒಂದು ತಾಲವೆಂದಿಟ್ಟುಕೊಂಡು ಇಡೀ ವಿಗ್ರಹದ ಅಳತೆ ಹೇಳುತ್ತಾರಷ್ಟೆ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಈ ಇಂಗ್ಲಿಷ್ ಹೆಂಗಸು ಎದೆಸುತ್ತಿನ ಕುಣಿಕೆಗಳನ್ನು ನೂರೆಂದು ಹಿಡಿದರು. ಮುಂಗೈಗೆ ಅದರ ಶೇ. 20, ತೋಳಿನ ಮೇಲ್ಭಾಗಕ್ಕೆ ಸುಮಾರು ಮೂರನೆಯ ಒಂದು ಪಾಲು, ಕತ್ತಿಗೆ ಶೇ. 40. ಕಡ್ಡಿ ಯಾವುದಿರಲಿ, ಉಲ್ಲನ್ ಎಷ್ಟೇ ದಪ್ಪವಿರಲಿ, ಮೈ ಯಾರದೇ ಆಗಿರಲಿ. ಒಂದು ಪತ್ರಿಕೆ ಅವರ ವಿಧಿಯನ್ನು ತನ್ನ ಪದ್ಧತಿಗೆ ತಿದ್ದಿ ಅಚ್ಚುಹಾಕಿತು. ಈ ಪ್ರಕ್ಷೇಪದಿಂದ ಬೇಸತ್ತು ಅವರು ತಮ್ಮ ಮಾತನ್ನು ತಾವೇ ಪ್ರಕಟಿಸತೊಡಗಿದರು. 1971ರ 'ನಿಟ್ಟಿಂಗ್ ವಿದೌಟ್ ಟಿಯರ್ಸ್' ಓದಿದವರಿಗೆ ಆಮೇಲೆ ವಿಧಿಪುಸ್ತಕದ ಹಂಗು ಕಡಿಮೆ. ಪ್ರಕಾಶಕರಿಗೆ ಇದಕ್ಕಿಂತ ಅಪಾಯಕಾರಿ ಪುಸ್ತಕವಿಲ್ಲ.

ಅಲಭ್ಯತೆಯೇ ಪ್ರಾಮಾಣ್ಯವೆನ್ನುವವರಿಗೆ ಒಂದು ಮಾತು. ಆಲಿಸ್ ಸ್ಟಾರ್ಮೋರ್ ಅವರ 1997ರ 'ಅರಾನ್ ನಿಟ್ಟಿಂಗ್' ಮುದ್ರಣ ನಿಂತಿದ್ದಾಗ ಹಳೆಯ ಪ್ರತಿಗೆ ವಿಪರೀತ ಬೆಲೆ ಬಂದಿತ್ತು. 2010ರಲ್ಲಿ ಮರುಮುದ್ರಣವಾಯಿತು, ಈಗ ಸಾಧಾರಣ ಬೆಲೆಗೆ ಸಿಗುತ್ತದೆ. ಸಿಕ್ಕಮಾತ್ರಕ್ಕೆ ಅದರ ಗುಣ ಇಳಿದಿಲ್ಲ.

ಒಪ್ಪೋಲೆ ಇದೆಯೇ ಎಂದೂ ನೋಡಿ. ತಿದ್ದುಪಡಿಯೇ ಇಲ್ಲದ ಹೆಣಿಗೆ ಪುಸ್ತಕವೆಂದರೆ ಬಹುಪಾಲು ಅದನ್ನು ನೋಡಿ ಯಾರೂ ಹೆಣೆದಿಲ್ಲವೆಂದೇ ಅರ್ಥ. ಗ್ರಂಥಾಲಯಕ್ಕೆ ಹೋಗುವವರು ಡ್ಯೂಯಿ ವರ್ಗೀಕರಣದ 746.432ರ ಕಪಾಟಿನಲ್ಲಿ ಹುಡುಕಬಹುದು. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಇದ್ದರೆ ಮೇಲ್ವಿಚಾರಕರನ್ನು ಬೈಯಬೇಡಿ. ಕೊಳ್ಳುವವರಿಗೆ ಈ ಮೀಮಾಂಸೆಯ ನಿರ್ಣಯ ಇಷ್ಟು: ಒಂದು ಪುಸ್ತಕಕ್ಕೆ ದುಡ್ಡಿದ್ದರೆ ಝಿಮ್ಮರ್‌ಮನ್, ಎರಡಕ್ಕಿದ್ದರೆ ವಾಕರ್ ಕೂಡ, ಮೂರಕ್ಕಿದ್ದರೆ ಮೂರನೆಯದರ ದುಡ್ಡಿಗೆ ಉಲ್ಲನ್ ತನ್ನಿ.